‘ಅಲ್ಬುಮಿನ್: ನಿಲ್’ ಅಂತ ಬಂದರೆ ಸಾಲದು: ಶುಗರ್ ಇರುವವರಿಗೆ ಮೂತ್ರದ ಎಸಿಆರ್ ಪರೀಕ್ಷೆಯ ಮಾರ್ಗದರ್ಶಿ

ಶುಗರ್ ಇರುವವರ ಫೈಲು ಬಿಚ್ಚಿದರೆ ಒಳಗೆ ಏನೇನಿರುತ್ತದೆ ಅಂತ ನೋಡದೆಯೇ ಹೇಳಬಹುದು. ಖಾಲಿ ಹೊಟ್ಟೆಯ ಸಕ್ಕರೆ, ಊಟದ ನಂತರದ ಸಕ್ಕರೆ, ಮೂರು ತಿಂಗಳ ಸರಾಸರಿ, ಕೊಲೆಸ್ಟ್ರಾಲ್, ಕಿಡ್ನಿಯ ಕೆಲಸ ತೋರಿಸುವ ಕ್ರಿಯೇಟಿನಿನ್. ನಡುವೆ ಎಲ್ಲೋ ಒಂದು ‘ಯೂರಿನ್ ರೊಟೀನ್’ ಚೀಟಿ. ಅದರಲ್ಲಿ ‘ಅಲ್ಬುಮಿನ್: ನಿಲ್’ ಎಂದಿರುತ್ತದೆ, ಅಂದರೆ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನು ಮೂತ್ರದಲ್ಲಿ ಕಂಡಿಲ್ಲ. ಸದ್ಯ, ಕಿಡ್ನಿ ಚೆನ್ನಾಗಿದೆ ಅಂದುಕೊಂಡು ಫೈಲು ಮುಚ್ಚುತ್ತಾರೆ.

ಆ ‘ನಿಲ್’ ಅನ್ನು ಅಷ್ಟು ನಂಬುವಂತಿಲ್ಲ. ಮೂತ್ರದಲ್ಲಿ ಬಣ್ಣದ ಪಟ್ಟಿ ಅದ್ದಿ ನೋಡುವ ಆ ಪರೀಕ್ಷೆಯಲ್ಲಿ ಲೀಟರಿಗೆ ಸುಮಾರು 150ರಿಂದ 300 ಮಿಲಿಗ್ರಾಂ ಪ್ರೋಟೀನ್ ಇದ್ದಾಗಷ್ಟೇ ಬಣ್ಣ ಬದಲಾಗುತ್ತದೆ. ತೊಂದರೆ ಶುರುವಾಗುವುದು ಅದರ ಹತ್ತನೇ ಒಂದು ಭಾಗದಲ್ಲಿ, ಇಪ್ಪತ್ತು ಮೂವತ್ತು ಮಿಲಿಗ್ರಾಂ ಆಸುಪಾಸಿನಲ್ಲಿ. ಪಟ್ಟಿಗೆ ಕಾಣದ ಆ ಸಣ್ಣ ಸೋರಿಕೆಯನ್ನು ಹಿಡಿಯುವ ಪರೀಕ್ಷೆಯ ಹೆಸರು ಅಲ್ಬುಮಿನ್–ಕ್ರಿಯೇಟಿನಿನ್ ಅನುಪಾತ, ಚುಟುಕಾಗಿ ಎಸಿಆರ್. ಇದಕ್ಕೆ ಸೂಜಿ ಬೇಡ, ಉಪವಾಸ ಬೇಡ, 24 ಗಂಟೆ ಕ್ಯಾನಿನಲ್ಲಿ ಮೂತ್ರ ಕೂಡಿಡುವ ರಗಳೆಯೂ ಬೇಡ. ಆದರೂ ಶುಗರ್ ಇರುವವರು ಬಿಟ್ಟುಬಿಡುವ ಪರೀಕ್ಷೆಗಳ ಸಾಲಿನಲ್ಲಿ ಇದು ಮುಂದೆಯೇ ಇದೆ.

ಕಿಡ್ನಿಯ ಸೋರಿಕೆಗೂ ಹೃದಯಕ್ಕೂ ಏನು ಸಂಬಂಧ?

ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ. ಪ್ರತಿಯೊಂದೂ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಉಂಡೆ. ಎಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರನ್ನು ಸೋಸುತ್ತವೆ. ಅಲ್ಬುಮಿನ್ ಎಂಬ ಪ್ರೋಟೀನು ಮಾತ್ರ ರಕ್ತದಲ್ಲೇ ಉಳಿಯಬೇಕು. ನಾಳದ ಒಳಗೋಡೆಗೆ ಜೀವಕೋಶಗಳ ಒಂದು ಪದರವಿದೆ, ಅದರ ಮೇಲೆ ಲೋಳೆಯಂಥ ಒಂದು ಲೇಪ. ವರ್ಷಗಟ್ಟಲೆ ಸಕ್ಕರೆ, ಬಿಪಿ, ಸಿಗರೇಟು ಸೇರಿ ಈ ಪದರವನ್ನೂ ಲೇಪವನ್ನೂ ಸವೆಸಿದಾಗ ಅಲ್ಬುಮಿನ್ ಚೂರುಚೂರೇ ಜಾರಿ ಮೂತ್ರಕ್ಕೆ ಬೀಳುತ್ತದೆ. ಇದೇ ಒಳಪದರ ಹೃದಯದ ನಾಳಗಳಲ್ಲಿದೆ, ಮಿದುಳಿನಲ್ಲಿದೆ, ಕಣ್ಣಿನ ಹಿಂಪರದೆಯಲ್ಲಿದೆ. ಅಲ್ಲೆಲ್ಲ ಆಗುತ್ತಿರುವ ಸವೆತವನ್ನು ನೇರವಾಗಿ ಅಳೆಯುವುದು ಕಷ್ಟ. ಕಿಡ್ನಿ ಮಾತ್ರ ತನ್ನ ಸೋರಿಕೆಯನ್ನು ಒಂದು ಡಬ್ಬಿಗೆ ತುಂಬಿ ಕೊಡುತ್ತದೆ.

ಈ ಯೋಚನೆ ಬಂದದ್ದು ಡೆನ್ಮಾರ್ಕಿನಿಂದ. 1984ರಲ್ಲಿ ಅಲ್ಲಿನ ವೈದ್ಯ ಕಾರ್ಲ್ ಎರಿಕ್ ಮೊಗೆನ್ಸನ್, ಮೂತ್ರದಲ್ಲಿ ಅಲ್ಬುಮಿನ್ ತುಸುವೇ ಹೆಚ್ಚಿದ್ದ ಮಧುಮೇಹಿಗಳು ಉಳಿದವರಿಗಿಂತ ಬೇಗ ಸಾಯುತ್ತಾರೆ ಎಂದು ತೋರಿಸಿದರು. 1989ರಲ್ಲಿ ಅಲ್ಲಿನದೇ ಸ್ಟೆನೊ ಮಧುಮೇಹ ಆಸ್ಪತ್ರೆಯ ಸಂಶೋಧಕರು, ಈ ಸೋರಿಕೆ ಇಡೀ ದೇಹದ ರಕ್ತನಾಳಗಳು ಕೆಡುತ್ತಿರುವುದರ ಕುರುಹು ಎಂಬ ವಾದ ಮುಂದಿಟ್ಟರು. 2001ರಲ್ಲಿ ಹೋಪ್ ಎಂಬ ಹೃದ್ರೋಗ ಅಧ್ಯಯನದ ಲೆಕ್ಕ ಬಂತು: ಸಣ್ಣ ಪ್ರಮಾಣದ ಸೋರಿಕೆ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವುಗಳ ಒಟ್ಟು ಅಪಾಯ ಇಲ್ಲದವರಿಗಿಂತ 1.83 ಪಟ್ಟು. ಡಯಾಲಿಸಿಸ್ ಅಂದರೆ ಎಲ್ಲರಿಗೂ ಭಯ. ಆದರೆ ಸೋರಿಕೆ ಶುರುವಾದ ಮಧುಮೇಹಿಗಳಲ್ಲಿ ಹೆಚ್ಚಿನವರು ಡಯಾಲಿಸಿಸ್ ಹಂತ ತಲುಪುವುದೇ ಇಲ್ಲ. ಅದಕ್ಕೆ ಮೊದಲೇ ಹೃದಯ ಕೈಕೊಟ್ಟಿರುತ್ತದೆ. ಹಾಗಾಗಿ ಇದನ್ನು ಬರೀ ‘ಕಿಡ್ನಿ ಟೆಸ್ಟ್’ ಅನ್ನಬೇಡಿ.

ಹಂತ 1: ಯಾರು, ಯಾವಾಗ ಮಾಡಿಸಬೇಕು

ಟೈಪ್ 2 ಮಧುಮೇಹ ಗೊತ್ತಾದ ದಿನವೇ ಮೊದಲ ಎಸಿಆರ್. ಐದು ವರ್ಷ ಕಾಯುವುದು ಟೈಪ್ 1ರವರಿಗೆ ಮಾತ್ರ, ಯಾಕೆಂದರೆ ಅವರಿಗೆ ಕಾಯಿಲೆ ಶುರುವಾದ ದಿನ ಹೆಚ್ಚುಕಡಿಮೆ ಗೊತ್ತಿರುತ್ತದೆ. ಟೈಪ್ 2 ಹಾಗಲ್ಲ, ಪತ್ತೆಯಾಗುವ ಹೊತ್ತಿಗೆ ಒಳಗೊಳಗೇ ಎಷ್ಟೋ ವರ್ಷ ಕಳೆದಿರಬಹುದು. ಆಮೇಲೆ ವರ್ಷಕ್ಕೊಮ್ಮೆ, ತಪ್ಪದೆ. ಜೊತೆಗೆ ರಕ್ತದ ಕ್ರಿಯೇಟಿನಿನ್ ಕೂಡ. ಎರಡೂ ಬೇಕು, ಒಂದು ಇನ್ನೊಂದರ ಬದಲಿಯಲ್ಲ.

ದಿನ ನೆನಪಿರಲಿ ಅಂದರೆ ಹುಟ್ಟುಹಬ್ಬಕ್ಕೋ ಯುಗಾದಿಗೋ ಗಂಟು ಹಾಕಿಬಿಡಿ.

ಹಂತ 2: ಲ್ಯಾಬಿನಲ್ಲಿ ಸರಿಯಾದ ಹೆಸರು ಹೇಳಿ

ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲಿಯೇ. ‘ಯೂರಿನ್ ಟೆಸ್ಟ್ ಮಾಡಿ’ ಅಂದರೆ ಪಟ್ಟಿ ಅದ್ದಿ ಕಳಿಸುತ್ತಾರೆ. ‘ಮೈಕ್ರೋಅಲ್ಬುಮಿನ್’ ಅಂದರೆ ಕೆಲವು ಲ್ಯಾಬುಗಳು ಅಲ್ಬುಮಿನ್ ಒಂದನ್ನೇ ಅಳೆದು, ಕ್ರಿಯೇಟಿನಿನ್ ಅಳೆಯದೆ ರಿಪೋರ್ಟ್ ಕೊಡುತ್ತವೆ. ಕೇಳಬೇಕಾದದ್ದು ‘ಸ್ಪಾಟ್ ಯೂರಿನ್ ಅಲ್ಬುಮಿನ್–ಕ್ರಿಯೇಟಿನಿನ್ ರೇಶಿಯೋ’. ಕೌಂಟರಿನಲ್ಲಿ ‘ಯೂರಿನ್ ಎಸಿಆರ್’ ಅಂದರೂ ಅರ್ಥವಾಗುತ್ತದೆ. ‘ಪ್ರೋಟೀನ್–ಕ್ರಿಯೇಟಿನಿನ್ ರೇಶಿಯೋ’ ಬೇರೆಯದೇ ಪರೀಕ್ಷೆ; ಅದರ ಅಂಕಿಯನ್ನು ಎಸಿಆರ್ ಕೋಷ್ಟಕದಲ್ಲಿಟ್ಟು ಓದಿದರೆ ತಪ್ಪಾಗುತ್ತದೆ.

ಅಂದಹಾಗೆ, ‘ಮೈಕ್ರೋಅಲ್ಬುಮಿನ್’ ಅಂತ ಬೇರೆ ಪ್ರೋಟೀನೇನೂ ಇಲ್ಲ. ಅದೇ ಅಲ್ಬುಮಿನ್, ಸ್ವಲ್ಪ ಪ್ರಮಾಣದಲ್ಲಿ. ‘ಮೈಕ್ರೋ’ ಎಂಬ ಮಾತು ಕೇಳಿ ಸಣ್ಣ ವಿಷಯ ಅಂದುಕೊಳ್ಳುವವರೇ ಹೆಚ್ಚು. ಹಾಗಾಗಿ ಈಗಿನ ವೈದ್ಯಕೀಯ ಮಾರ್ಗಸೂಚಿಗಳು ಆ ಹೆಸರನ್ನೇ ಕೈಬಿಟ್ಟಿವೆ, ಲ್ಯಾಬುಗಳ ದರಪಟ್ಟಿಯಲ್ಲಿ ಮಾತ್ರ ಇನ್ನೂ ಉಳಿದಿದೆ.

ಹಂತ 3: ಮಾದರಿ ಹೀಗೆ ಹಿಡಿಯಿರಿ

ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರ ಎಲ್ಲಕ್ಕಿಂತ ಒಳ್ಳೆಯದು. ದಿನವಿಡೀ ಓಡಾಡಿದಾಗ ಅಲ್ಬುಮಿನ್ ತುಸು ಏರುತ್ತದೆ, ರಾತ್ರಿ ಮಲಗಿದಾಗ ಆ ಏರಿಳಿತ ಇರುವುದಿಲ್ಲ. ಅದಾಗದಿದ್ದರೆ ಬೇರೆ ಹೊತ್ತಿನದೂ ನಡೆಯುತ್ತದೆ. ಅದರಲ್ಲಿ ಹೆಚ್ಚು ಬಂದರೆ ಮುಂದಿನ ಸಲ ಬೆಳಗಿನದ್ದೇ ಕೊಡಿ.

ಲ್ಯಾಬಿನಿಂದ ಹಿಂದಿನ ದಿನವೇ ಮುಚ್ಚಳದ ಡಬ್ಬಿ ತಂದಿಟ್ಟುಕೊಳ್ಳಿ. ಮನೆಯ ಔಷಧಿ ಬಾಟಲಿ, ಉಪ್ಪಿನಕಾಯಿ ಡಬ್ಬಿ ಬೇಡ. ಜನನಾಂಗದ ಭಾಗವನ್ನು ಬರೀ ನೀರಿನಿಂದ ತೊಳೆಯಿರಿ. ಮೊದಲ ಸ್ವಲ್ಪ ಮೂತ್ರ ಹೊರಗೆ ಬಿಟ್ಟು, ನಡುವಿನ ಧಾರೆಯನ್ನು ಅರ್ಧ ಡಬ್ಬಿ ಹಿಡಿದರೆ ಸಾಕು. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ತಡವಾಗುವುದಾದರೆ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಐಸ್ ಕಟ್ಟುವ ಜಾಗದಲ್ಲಿ ಬೇಡ. ಹೆಪ್ಪುಗಟ್ಟಿ ಕರಗಿದ ಮಾದರಿಯಲ್ಲಿ ಅಲ್ಬುಮಿನ್ ನಿಜಕ್ಕಿಂತ ಕಡಿಮೆ ತೋರಬಹುದು.

‘ಯೂರಿನ್ ಬರಲಿ’ ಅಂತ ಲ್ಯಾಬಿನ ಬೆಂಚಿನ ಮೇಲೆ ಕೂತು ಒಂದು ಬಾಟಲಿ ನೀರು ಕುಡಿದು ಕೊಡುವ ಅಭ್ಯಾಸ ನಮ್ಮಲ್ಲಿದೆ. ತೀರಾ ತೆಳುವಾದ ಮೂತ್ರದಲ್ಲಿ ಎರಡೂ ಅಂಕಿಗಳು ಯಂತ್ರದ ಅಳತೆಯ ತಳಕ್ಕೆ ಇಳಿದು ಅನುಪಾತ ನೆಚ್ಚಿಕೆಗೆ ಬರುವುದಿಲ್ಲ. ಬೇಡ.

ಈ ಕೆಳಗಿನವು ಇದ್ದರೆ ಪರೀಕ್ಷೆ ಮುಂದೂಡಿ. ಕಿಡ್ನಿ ಸರಿಯಿದ್ದರೂ ಇವು ಅಂಕಿಯನ್ನು ಮೇಲೆತ್ತುತ್ತವೆ:

– ಜ್ವರ, ಅಥವಾ ಉರಿಮೂತ್ರ ಮತ್ತಿತರ ಮೂತ್ರದ ಸೋಂಕು. ವಾಸಿಯಾಗಿ ಒಂದೆರಡು ವಾರ ಕಳೆಯಲಿ.
– ಹಿಂದಿನ 24 ಗಂಟೆಯಲ್ಲಿ ಜಿಮ್, ಓಟ, ಬೆಟ್ಟ ಹತ್ತುವಂಥ ಕಠಿಣ ಶ್ರಮ. ದಿನದ ವಾಕಿಂಗ್ ತೊಂದರೆಯಿಲ್ಲ.
– ಮುಟ್ಟಿನ ದಿನಗಳು, ಬಿಳಿಸೆರಗು. ಗಂಡಸರಲ್ಲಿ ಹಿಂದಿನ ರಾತ್ರಿಯ ವೀರ್ಯದ ಅಂಶ ಮೂತ್ರದಲ್ಲಿ ಬೆರೆತರೂ ಪ್ರೋಟೀನ್ ಹೆಚ್ಚು ತೋರುತ್ತದೆ. ಇದನ್ನು ಕೇಳಲು ನಾಚಿಕೆ, ಹೇಳಲು ನಾಚಿಕೆ, ಅದಕ್ಕೇ ಇಲ್ಲಿ ಬರೆದದ್ದು.
– ಸಕ್ಕರೆ ಅಥವಾ ಬಿಪಿ ತೀರಾ ಏರಿರುವ ದಿನಗಳು.

ಹಂತ 4: ರಿಪೋರ್ಟನ್ನು ನೀವೇ ಲೆಕ್ಕ ಹಾಕಿ ನೋಡಿ

ಅನುಪಾತ ಯಾಕೆ ಬೇಕು ಅನ್ನುವುದು ಎರಡು ಮಾದರಿ ನೋಡಿದರೆ ತಿಳಿಯುತ್ತದೆ.

ಒಬ್ಬರದೇ ಮೂತ್ರ, ಎರಡು ದಿನ ಕೊಟ್ಟದ್ದು ಅಂದುಕೊಳ್ಳಿ. ಮೊದಲ ದಿನ ನೀರು ಕಡಿಮೆ ಕುಡಿದಿದ್ದಾರೆ, ಮೂತ್ರ ಗಾಢ ಹಳದಿ: ಅಲ್ಬುಮಿನ್ ಲೀಟರಿಗೆ 42 ಮಿ.ಗ್ರಾಂ, ಕ್ರಿಯೇಟಿನಿನ್ ಡೆಸಿಲೀಟರಿಗೆ 70 ಮಿ.ಗ್ರಾಂ. ಎರಡನೇ ದಿನ ನೀರು ಜಾಸ್ತಿ, ಮೂತ್ರ ತೆಳು: ಅಲ್ಬುಮಿನ್ 15, ಕ್ರಿಯೇಟಿನಿನ್ 25. ಅಲ್ಬುಮಿನ್ ಒಂದನ್ನೇ ನೋಡಿದರೆ ಮೊದಲ ದಿನ ‘ಹೆಚ್ಚು’, ಎರಡನೇ ದಿನ ‘ನಾರ್ಮಲ್’. ಈಗ ಸೂತ್ರ ಹಾಕಿ: ಅಲ್ಬುಮಿನ್ ಅನ್ನು 100ರಿಂದ ಗುಣಿಸಿ ಕ್ರಿಯೇಟಿನಿನ್‌ನಿಂದ ಭಾಗಿಸಿ. 4200 ಭಾಗ 70, ಅಂದರೆ 60. 1500 ಭಾಗ 25, ಅದೂ 60. ನೀರು ಎಷ್ಟೇ ಬೆರೆತಿರಲಿ, ಸೋರಿಕೆ ಅಷ್ಟೇ. ಕ್ರಿಯೇಟಿನಿನ್ ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವುದರಿಂದ ಅದು ಇಲ್ಲಿ ತಕ್ಕಡಿಯ ಬಟ್ಟಿನಂತೆ ಕೆಲಸ ಮಾಡುತ್ತದೆ.

ಈ ಸೂತ್ರ ಅಲ್ಬುಮಿನ್ ಲೀಟರ್ ಲೆಕ್ಕದಲ್ಲೂ ಕ್ರಿಯೇಟಿನಿನ್ ಡೆಸಿಲೀಟರ್ ಲೆಕ್ಕದಲ್ಲೂ ಇದ್ದಾಗ. ಅಲ್ಬುಮಿನ್ ಕೂಡ ಡೆಸಿಲೀಟರಿನಲ್ಲೇ ಇದ್ದರೆ 100ರ ಬದಲು 1000ದಿಂದ ಗುಣಿಸಬೇಕು. ಉತ್ತರ ಬರುವುದು ಒಂದು ಗ್ರಾಂ ಕ್ರಿಯೇಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಲ್ಬುಮಿನ್ ಎಂಬ ಲೆಕ್ಕದಲ್ಲಿ.

30ಕ್ಕಿಂತ ಕಡಿಮೆ ಇದ್ದರೆ ಎ1, ಅಂದರೆ ಸಹಜ ಅಥವಾ ತುಸು ಹೆಚ್ಚು. 30ರಿಂದ 300 ಎ2, ಮಧ್ಯಮ ಏರಿಕೆ. 300 ದಾಟಿದರೆ ಎ3, ತೀವ್ರ ಏರಿಕೆ. ಬ್ರಿಟನ್, ಆಸ್ಟ್ರೇಲಿಯಾ ಕಡೆ ಇರುವ ಕನ್ನಡಿಗರ ರಿಪೋರ್ಟಿನಲ್ಲಿ ಮಿ.ಗ್ರಾಂ/ಮಿಲಿಮೋಲ್ ಎಂದಿರುತ್ತದೆ. ಅಲ್ಲಿ ಗಡಿಗಳು 3 ಮತ್ತು 30. ಊರಿಗೆ ಬಂದಾಗ ಇಲ್ಲಿಯ ವೈದ್ಯರಿಗೆ ‘ನನ್ನದು 12’ ಅಂದರೆ ‘ಚೆನ್ನಾಗಿದೆಯಲ್ಲ’ ಅನ್ನಿಸಿಕೊಳ್ಳಬಹುದು. ಆ 12 ಅನ್ನು 8.84ರಿಂದ ಗುಣಿಸಿ, 106 ಆಗುತ್ತದೆ. ಮಾನ ನೋಡದೆ ಅಂಕಿ ಹೇಳಬೇಡಿ.

30 ಎಂಬುದು ನಾವು ಅನುಕೂಲಕ್ಕೆ ಎಳೆದುಕೊಂಡ ಗೆರೆ. 2010ರಲ್ಲಿ ಲಕ್ಷಕ್ಕೂ ಹೆಚ್ಚು ಜನರ ಎಸಿಆರ್ ಒಟ್ಟುಗೂಡಿಸಿ ನೋಡಿದಾಗ, 5 ಇದ್ದವರಿಗೆ ಹೋಲಿಸಿದರೆ 10 ಇದ್ದವರಲ್ಲೇ ಸಾವಿನ ಅಪಾಯ 1.2 ಪಟ್ಟಿತ್ತು, 30ರಲ್ಲಿ 1.63, 300ರಲ್ಲಿ 2.22. ಹಾಗಾಗಿ 28 ಬಂದವರು ಪಾಸಾದೆ ಅಂತ ಬೀಗುವಂತಿಲ್ಲ, 31 ಬಂದವರು ಕೈಚೆಲ್ಲಿ ಕೂರಬೇಕಾಗಿಯೂ ಇಲ್ಲ. ಇನ್ನೊಂದು ಮಾತು: ತೀರಾ ಸಣಕಲು ದೇಹದ ವಯಸ್ಸಾದವರಲ್ಲಿ ಸ್ನಾಯು ಕಡಿಮೆ, ಕ್ರಿಯೇಟಿನಿನ್ ಕಡಿಮೆ, ಹಾಗಾಗಿ ಎಸಿಆರ್ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ಗಟ್ಟಿ ಮೈಕಟ್ಟಿನ ದುಡಿಮೆಗಾರರಲ್ಲಿ ಇದು ತಿರುಗುಮುರುಗು.

ಹಂತ 5: ಒಂದೇ ರಿಪೋರ್ಟಿಗೆ ಹಣೆಪಟ್ಟಿ ಹಚ್ಚಬೇಡಿ

ಎಸಿಆರ್ ದಿನದಿಂದ ದಿನಕ್ಕೆ ಶೇ. 20ಕ್ಕಿಂತ ಹೆಚ್ಚು ಏರಿಳಿಯುತ್ತದೆ. ಮೊದಲ ಸಲ 30 ದಾಟಿದರೆ ಮುಂದಿನ ಮೂರರಿಂದ ಆರು ತಿಂಗಳಲ್ಲಿ ಇನ್ನೆರಡು ಸಲ ಮಾಡಿಸಿ. ಮೂರರಲ್ಲಿ ಎರಡು ಹೆಚ್ಚಿದ್ದರೆ ಸೋರಿಕೆ ಖಾತ್ರಿ. ಮೂರೂ ಸಲ ಒಂದೇ ಲ್ಯಾಬ್, ಬೆಳಗಿನದ್ದೇ ಮಾದರಿ.

ಇಲ್ಲಿ ಜನ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಮೊದಲ 45 ನೋಡಿ ಕಂಗಾಲಾಗಿ ‘ಕಿಡ್ನಿ ಕಷಾಯ’ದ ಬೆನ್ನು ಹತ್ತುತ್ತಾರೆ. ಒಳಗೇನಿದೆ ಎಂದು ಚೀಟಿಯಿಲ್ಲದ ಪುಡಿ, ಭಸ್ಮಗಳಲ್ಲಿ ಪಾದರಸ, ಸೀಸ ಇದ್ದರೆ ಕಿಡ್ನಿಗೆ ಅದೇ ಹೊಸ ಪೆಟ್ಟು. ಇನ್ನು ಕೆಲವರು 400 ಬಂದರೂ ‘ಮತ್ತೆ ನೋಡೋಣ’ ಎಂದು ವರ್ಷ ತಳ್ಳುತ್ತಾರೆ. 300 ದಾಟಿದ್ದರೆ ಮರುಪರೀಕ್ಷೆ ಕೆಲವೇ ವಾರಗಳಲ್ಲಿ ಆಗಲಿ, ಈ ನಡುವೆ ವೈದ್ಯರನ್ನೂ ಕಾಣಿ.

ನೊರೆ ನೋಡಿ ನಿರ್ಧರಿಸುವುದೂ ಬೇಡ. ಜೋರಾಗಿ ಬಿದ್ದ ಮೂತ್ರ, ಕಮೋಡಿನ ಕ್ಲೀನರ್ ಎರಡೂ ನೊರೆ ಎಬ್ಬಿಸುತ್ತವೆ. ಎಸಿಆರ್ 60 ಇದ್ದಾಗ ಕಣ್ಣಿಗೆ ಏನೂ ಕಾಣುವುದಿಲ್ಲ.

ಹಂತ 6: ಕ್ರಿಯೇಟಿನಿನ್ ಪಕ್ಕದಲ್ಲಿ ಇಜಿಎಫ್‌ಆರ್ ಬರೆಸಿ

‘ಕ್ರಿಯೇಟಿನಿನ್ 1.1, ನಾರ್ಮಲ್’ ಎಂಬ ಮಾತಿಗೆ ವಯಸ್ಸು, ಲಿಂಗ ಸೇರದೆ ಅರ್ಥವಿಲ್ಲ. ಈಗ ಬಳಕೆಯಲ್ಲಿರುವ 2021ರ ಸೂತ್ರದಲ್ಲಿ 30 ವರ್ಷದ ಗಂಡಸಿಗೆ 1.1 ಅಂದರೆ ಕಿಡ್ನಿಯ ಸೋಸುವ ಸಾಮರ್ಥ್ಯ, ಅಂದರೆ ಇಜಿಎಫ್‌ಆರ್, ಸುಮಾರು 92. ಅದೇ 1.1, 60 ವರ್ಷದ ಹೆಂಗಸಿನದಾದರೆ ಸುಮಾರು 57. ಇದು ಮೂರು ತಿಂಗಳಿಗೂ ಹೆಚ್ಚು 60ರ ಕೆಳಗೇ ನಿಂತರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದೇ ಲೆಕ್ಕ. ಎಸಿಆರ್ ಮತ್ತು ಇಜಿಎಫ್‌ಆರ್ ಬೇರೆ ಬೇರೆ ಕಥೆ ಹೇಳುತ್ತವೆ. ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರುವುದು ಅಪರೂಪವಲ್ಲ, ಎರಡೂ ಕೆಟ್ಟಿದ್ದರೆ ಹೃದಯದ ಅಪಾಯ ಇನ್ನೂ ಹೆಚ್ಚು.

ಎಲ್ಲ ಸೋರಿಕೆಯೂ ಶುಗರಿನದೇ ಅಲ್ಲ. ಮೂತ್ರದಲ್ಲಿ ರಕ್ತಕಣ, ಮುಖ ಕಾಲು ದಿಢೀರನೆ ಊದುವುದು, ಕೆಲವೇ ತಿಂಗಳಲ್ಲಿ ಎಸಿಆರ್ ಸಾವಿರ ದಾಟುವುದು, ಇಜಿಎಫ್‌ಆರ್ ವರ್ಷಕ್ಕೆ 5ಕ್ಕಿಂತ ಹೆಚ್ಚು ಕುಸಿಯುವುದು ಅಥವಾ 30ರ ಕೆಳಗಿಳಿಯುವುದು, ಕಣ್ಣಿನ ಹಿಂಪರದೆ ಪೂರ್ತಿ ಸ್ವಚ್ಛವಿದ್ದೂ ಸೋರಿಕೆ ಭಾರಿ ಇರುವುದು: ಇವುಗಳಲ್ಲಿ ಯಾವುದೇ ಇದ್ದರೂ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ತಜ್ಞರು, ನೋಡಲೇಬೇಕು.

ಹಂತ 7: ಸೋರಿಕೆ ಖಾತ್ರಿಯಾದರೆ ಹೃದಯದ ಲೆಕ್ಕ ತೆಗೆಯಿರಿ

ದಕ್ಷಿಣ ಏಷ್ಯಾಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ಹೃದಯದ ಅಪಾಯದ ಕೋಷ್ಟಕದಲ್ಲಿ ವಯಸ್ಸು, ಬಿಪಿ, ಸಿಗರೇಟು, ಕೊಲೆಸ್ಟ್ರಾಲ್, ಶುಗರ್ ಇವೆ. ಅಲ್ಬುಮಿನ್ ಇಲ್ಲ. ಆದ್ದರಿಂದ ಆ ಕೋಷ್ಟಕ ‘ಮಧ್ಯಮ ಅಪಾಯ’ ಎಂದರೂ ಎಸಿಆರ್ ಹೆಚ್ಚಿದ್ದವರನ್ನು ಒಂದು ಮೆಟ್ಟಿಲು ಮೇಲೇ ಇಟ್ಟು ನೋಡುವುದು ಸರಿ.

ಮೊದಲು ಬಿಪಿ. ಗುರಿ 130/80ರ ಒಳಗೆ. ಕ್ಲಿನಿಕ್ಕಿನ ಒಂದು ಅಳತೆ ನಂಬಬೇಡಿ. ತೋಳಿಗೆ ಸುತ್ತುವ ಯಂತ್ರ ತಂದು, ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂತು, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ, ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ವೈದ್ಯರಿಗೆ ತೋರಿಸಿ.

ಎರಡನೆಯದು ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್. ಶುಗರ್ ಜೊತೆ ಸೋರಿಕೆ ಇದ್ದವರಿಗೆ 70ರ ಒಳಗೆ, ಈಗಾಗಲೇ ಹೃದಯಾಘಾತವೋ ಸ್ಟೆಂಟೋ ಆಗಿದ್ದರೆ 55ರ ಒಳಗೆ. ಲ್ಯಾಬ್ ರಿಪೋರ್ಟಿನ ಅಂಚಿನಲ್ಲಿರುವ ‘100ರ ಒಳಗೆ ಉತ್ತಮ’ ಎಂಬ ಸಾಲು ನಿಮಗಲ್ಲ. ಸ್ಟ್ಯಾಟಿನ್ ಮಾತ್ರೆಯನ್ನು ‘ಕೊಲೆಸ್ಟ್ರಾಲ್ ನಾರ್ಮಲ್ ಆಯ್ತು’ ಅಂತ ನಿಲ್ಲಿಸುವುದು ಬಹಳ ಸಾಮಾನ್ಯ ತಪ್ಪು. ನಾರ್ಮಲ್ ಆಗಿರುವುದು ಆ ಮಾತ್ರೆಯಿಂದಲೇ.

ಒಂದು ಇಸಿಜಿ ತೆಗೆಸಿ ಫೈಲಿನಲ್ಲಿಡಿ. ಮುಂದೆ ಎದೆನೋವು ಬಂದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಏದುಸಿರು, ಕಾಲೂತ, ಎರಡು ದಿಂಬಿಲ್ಲದೆ ಮಲಗಲಾಗದಿರುವುದು, ಮೂರು ದಿನದಲ್ಲಿ ಎರಡು ಕೆ.ಜಿ. ತೂಕ ಏರುವುದು ಇದ್ದರೆ ಎಕೋ (ಹೃದಯದ ಸ್ಕ್ಯಾನ್) ಮತ್ತು ಹೃದಯ ವೈಫಲ್ಯ ಪತ್ತೆಹಚ್ಚುವ ಎನ್‌ಟಿ–ಪ್ರೊಬಿಎನ್‌ಪಿ ರಕ್ತಪರೀಕ್ಷೆ ಕೇಳಿ. ಆಸ್ಪಿರಿನ್ ಮಾತ್ರ ನೀವಾಗಿಯೇ ಶುರುಮಾಡಬೇಡಿ. ಹೃದಯಾಘಾತ ಆಗದವರಲ್ಲಿ ಅದರ ಲಾಭವನ್ನು ರಕ್ತಸ್ರಾವದ ಅಪಾಯ ನುಂಗಿಹಾಕಬಹುದು.

ಹಂತ 8: ಔಷಧಿ – ಯಾವುದು ಯಾಕೆ, ಎಲ್ಲಿ ಕೈಕೊಡುತ್ತದೆ

ಸೋರಿಕೆ ಕಡಿಮೆ ಮಾಡಿ ಹೃದಯವನ್ನೂ ಕಾಯುವ ಔಷಧಿಗಳು ಈಗ ನಾಲ್ಕು ಬಗೆಯವು. ಪ್ರಮಾಣ, ಸರದಿ ವೈದ್ಯರದು. ತಿಳಿದಿರಬೇಕಾದದ್ದು ಇಷ್ಟು.

ಮೊದಲನೆಯದು ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಗುಂಪು. ಜರಡಿಯೊಳಗಿನ ಒತ್ತಡ ಇಳಿಸುತ್ತವೆ. ಶುರುಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯೇಟಿನಿನ್, ಪೊಟ್ಯಾಸಿಯಂ ನೋಡಲೇಬೇಕು. ಕ್ರಿಯೇಟಿನಿನ್ ಶೇ. 30ರೊಳಗೆ ಏರಿದರೆ ಗಾಬರಿ ಬೇಡ, ಒತ್ತಡ ಇಳಿದದ್ದರ ಗುರುತು ಅದು. ಇದನ್ನು ತಿಳಿಯದೆ 1.0 ಇದ್ದದ್ದು 1.2 ಆಯಿತೆಂದು ‘ಈ ಮಾತ್ರೆಯೇ ಕಿಡ್ನಿ ಕೆಡಿಸಿತು’ ಅಂತ ನಿಲ್ಲಿಸಿದವರಿಗೆ ಲೆಕ್ಕವಿಲ್ಲ. ಎರಡು ಜಾತಿಯನ್ನು, ಅಂದರೆ ರಾಮಿಪ್ರಿಲ್ ಜೊತೆ ಟೆಲ್ಮಿಸಾರ್ಟನ್ ಅನ್ನು, ಒಟ್ಟಿಗೆ ನುಂಗಬಾರದು. ಬಸಿರಾಗುವ ಯೋಚನೆ ಇದ್ದರೆ ಮುಂಚೆಯೇ ಹೇಳಿ, ಮಗುವಿಗೆ ಅಪಾಯ. ಬಿಪಿ, ಎಸಿಆರ್, ಇಜಿಎಫ್‌ಆರ್ ಮೂರೂ ಸರಿಯಿದ್ದವರಿಗೆ ‘ಕಿಡ್ನಿ ಕಾಪಾಡಲು’ ಅಂತ ಈ ಮಾತ್ರೆ ಬೇಕಿಲ್ಲ.

ಎರಡನೆಯದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕಾನಾಗ್ಲಿಫ್ಲೋಜಿನ್. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಇವನ್ನು ಶುಗರ್ ಮಾತ್ರೆ ಎಂದೇ ತಂದದ್ದು. 2019ರ ಕ್ರೆಡೆನ್ಸ್ ಅಧ್ಯಯನದಲ್ಲಿ ಎಸಿಆರ್ 300 ದಾಟಿದ್ದವರಿಗೆ ಕಾನಾಗ್ಲಿಫ್ಲೋಜಿನ್ ಕೊಟ್ಟಾಗ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವುದು ಶೇ. 39ರಷ್ಟು ತಗ್ಗಿತು. ಇಜಿಎಫ್‌ಆರ್ 20ರ ಮೇಲಿದ್ದರೆ ಶುರುಮಾಡಬಹುದು. ಭಾರತದಲ್ಲಿ ಡಾಪಾದ ಪೇಟೆಂಟ್ 2020ರಲ್ಲಿ, ಎಂಪಾದ್ದು 2025ರಲ್ಲಿ ಮುಗಿದು ಬೆಲೆ ಚೆನ್ನಾಗಿ ಇಳಿದಿದೆ. ಜೆನೆರಿಕ್ ಕೇಳಿ ತೆಗೆದುಕೊಳ್ಳಿ.

ಇವುಗಳ ತಾಪತ್ರಯ ಎರಡು. ಜನನಾಂಗದ ಬೂಷ್ಟು ಸೋಂಕು: ಪ್ರತಿ ಸಲ ಮೂತ್ರವಾದ ಮೇಲೆ ನೀರಿನಿಂದ ತೊಳೆದು ಒರೆಸಿಕೊಂಡರೆ ಬಹಳಷ್ಟು ತಪ್ಪುತ್ತದೆ, ತುರಿಕೆ ಬಂದರೆ ಮುಚ್ಚಿಡದೆ ಹೇಳಿ. ಇನ್ನೊಂದು ಅಪರೂಪದ್ದಾದರೂ ಗಂಭೀರ, ಕೀಟೋಅಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಏರುವುದು. ವಾಂತಿ, ಹೊಟ್ಟೆನೋವು, ಏದುಸಿರು ಇದ್ದು ಸಕ್ಕರೆ 180 ತೋರಿಸಿದರೆ ‘ಶುಗರ್ ಸರಿಯಿದೆ’ ಅಂತ ಮನೆಯಲ್ಲೇ ಇರಬೇಡಿ. ವಾಂತಿಭೇದಿ ಆದಾಗ, ನೀರೂ ಮುಟ್ಟದ ಉಪವಾಸದ ದಿನ, ಆಪರೇಷನ್ನಿಗೆ ಮೂರು ದಿನ ಮೊದಲು ಇವನ್ನು ನಿಲ್ಲಿಸಬೇಕಾಗುತ್ತದೆ. ಶಿವರಾತ್ರಿ, ರಂಜಾನ್ ಉಪವಾಸ ಹಿಡಿಯುವವರು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ವಾಂತಿಭೇದಿಯಲ್ಲಿ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಮಾತ್ರೆಗಳನ್ನೂ ತಾತ್ಕಾಲಿಕವಾಗಿ ತಡೆಹಿಡಿಯುವುದುಂಟು. ಟೈಪ್ 1ರವರು ಈ ಗುಂಪನ್ನು ತಜ್ಞರ ಮಾತಿಲ್ಲದೆ ಮುಟ್ಟಲೇಬಾರದು.

ಮೂರನೆಯದು ಫೈನೆರೆನೋನ್. ಪೊಟ್ಯಾಸಿಯಂ 5ರ ಒಳಗಿದ್ದರೆ ಮಾತ್ರ ಶುರು, ನಾಲ್ಕು ವಾರಕ್ಕೆ ಮತ್ತೆ ರಕ್ತಪರೀಕ್ಷೆ. 2025ರ ಕಾನ್ಫಿಡೆನ್ಸ್ ಅಧ್ಯಯನದಲ್ಲಿ ಇದನ್ನೂ ಎಂಪಾಗ್ಲಿಫ್ಲೋಜಿನ್ ಅನ್ನೂ ಒಟ್ಟಿಗೆ ಶುರುಮಾಡಿದಾಗ ಆರು ತಿಂಗಳಲ್ಲಿ ಎಸಿಆರ್ ಸುಮಾರು ಅರ್ಧಕ್ಕಿಳಿಯಿತು. ನಾಲ್ಕನೆಯದು ಸೆಮಾಗ್ಲುಟೈಡ್ ಚುಚ್ಚುಮದ್ದು. 2024ರ ಫ್ಲೋ ಅಧ್ಯಯನದಲ್ಲಿ ಕಿಡ್ನಿಯ ಅನಾಹುತಗಳು ಶೇ. 24, ಹೃದಯಸಂಬಂಧಿ ಸಾವು ಶೇ. 29 ಕಡಿಮೆಯಾದವು.

ಇಷ್ಟೆಲ್ಲ ಮಾತ್ರೆ ಯಾಕೆ ಎಂದು ಅನ್ನಿಸುವುದು ಸಹಜ. ಕೋಪನ್‌ಹೇಗನ್ನಿನ ಸ್ಟೆನೊ–2 ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ. ಎಸಿಆರ್ ಅಲ್ಪ ಏರಿದ್ದ 160 ಮಂದಿಯಲ್ಲಿ ಅರ್ಧ ಜನರಿಗೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್, ಊಟ, ನಡಿಗೆ ಎಲ್ಲವನ್ನೂ ಒಟ್ಟಿಗೆ ಹಿಡಿತಕ್ಕೆ ತಂದರು. 2003ರ ಹೊತ್ತಿಗೆ ಅವರಲ್ಲಿ ಹೃದಯದ ಅನಾಹುತಗಳು ಅರ್ಧದಷ್ಟಾಗಿದ್ದವು. 21 ವರ್ಷದ ನಂತರ ನೋಡಿದಾಗ ಅವರು ಸರಾಸರಿ 7.9 ವರ್ಷ ಹೆಚ್ಚು ಬದುಕಿದ್ದರು. ಮೇಲೆ ಹೇಳಿದ ಹೊಸ ಮಾತ್ರೆಗಳ್ಯಾವುವೂ ಇನ್ನೂ ಬಂದಿರದ ಕಾಲದಲ್ಲಿ ಶುರುವಾದ ಚಿಕಿತ್ಸೆ ಅದು.

ಅಡುಗೆಮನೆ, ಮೆಡಿಕಲ್ ಶಾಪ್

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಸಾರು ಪಲ್ಯ ಎಲ್ಲ ಸೇರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿ ಖಾರ ಇವೇ ಆ ಲೆಕ್ಕವನ್ನು ಕೆಡಿಸುವುದು. ಉಪ್ಪು ಹೆಚ್ಚಾದರೆ ಟೆಲ್ಮಿಸಾರ್ಟನ್ ಕೂಡ ಸೋರಿಕೆಯ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಂತ ಪೇಟೆಯ ‘ಲೋ ಸೋಡಿಯಂ’ ಉಪ್ಪಿಗೆ ಬದಲಾಯಿಸಬೇಡಿ. ಅದರಲ್ಲಿರುವುದು ಪೊಟ್ಯಾಸಿಯಂ, ಈ ಮಾತ್ರೆಗಳ ಜೊತೆ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಪೊಟ್ಯಾಸಿಯಂ ಏರಿರುವವರಿಗೆ ‘ಕಿಡ್ನಿಗೆ ತಂಪು’ ಅಂತ ದಿನಕ್ಕೆರಡು ಎಳನೀರು ಕೊಡುವುದೂ ಅದೇ ದಾರಿಯದ್ದು.

ಪ್ರೋಟೀನ್ ಸೋರುತ್ತಿದೆಯೆಂದು ಪ್ರೋಟೀನ್ ಪೌಡರ್ ತಿನ್ನುವುದು, ಅಥವಾ ಬೇಳೆ, ಮೊಟ್ಟೆ ಪೂರ್ತಿ ಬಿಡುವುದು, ಎರಡೂ ಬೇಡ. ದೇಹದ ಪ್ರತಿ ಕೆ.ಜಿ.ಗೆ 0.8 ಗ್ರಾಂ, ಅಂದರೆ 60 ಕೆ.ಜಿ. ಇರುವವರಿಗೆ 48 ಗ್ರಾಂ ಸಾಕು.

ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಟೆಲ್ಮಿಸಾರ್ಟನ್ ಮತ್ತು ಮೂತ್ರದ ಮಾತ್ರೆಯ ಜೊತೆ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕುಸಿಯಬಹುದು. ಪ್ಯಾರಾಸಿಟಮಾಲ್ ಕೇಳಿ.

‘ಗ್ಯಾಸ್’ ಎಂದು ಕೂರಬೇಡಿ

ಶುಗರ್ ಇರುವವರಲ್ಲಿ ನರಗಳು ಮಂಕಾಗಿ ಹೃದಯಾಘಾತದ ನೋವು ಗೊತ್ತಾಗದೇ ಹೋಗಬಹುದು. ಎಸಿಆರ್ ಹೆಚ್ಚಿರುವವರು ಕಾರಣವಿಲ್ಲದ ತಣ್ಣನೆಯ ಬೆವರು, ದವಡೆ ಅಥವಾ ಬೆನ್ನಿನ ಬಿಗಿತ, ಹಠಾತ್ ಏದುಸಿರು, ಮೇಲುಹೊಟ್ಟೆಯ ಒತ್ತಡ ಬಂದರೆ ಸೋಡಾ, ಜೀರಿಗೆ ನೀರು ಕುಡಿದು ಬೆಳಗಾಗಲಿ ಅಂತ ಕಾಯಬಾರದು. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ನೋಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಬೆಂಗಳೂರು, ಮೈಸೂರಿಗೆ ಕಾರು ಹುಡುಕುವುದರಲ್ಲಿ ಕಳೆಯುವ ಎರಡು ಗಂಟೆ ಹೃದಯದ ಸ್ನಾಯು ಸಾಯುವ ಎರಡು ಗಂಟೆ.

ಮತ್ತೆ ಯಾವಾಗ?

ಎಸಿಆರ್ 30ರ ಒಳಗಿದ್ದು ಇಜಿಎಫ್‌ಆರ್ 60ರ ಮೇಲಿದ್ದರೆ ವರ್ಷಕ್ಕೊಮ್ಮೆ. ಸೋರಿಕೆ ಇದ್ದರೆ ವರ್ಷಕ್ಕೆ ಒಂದರಿಂದ ನಾಲ್ಕು ಸಲ, ತೀವ್ರತೆ ನೋಡಿ. ಹೊಸ ಔಷಧಿ ಶುರುಮಾಡಿದ್ದರೆ ಮೂರು ತಿಂಗಳಿಗೊಮ್ಮೆ ನೋಡುವುದು ವಾಡಿಕೆ. 300 ದಾಟಿದವರಲ್ಲಿ ಕನಿಷ್ಠ ಶೇ. 30 ಇಳಿಕೆ ಗುರಿ: 420 ಇದ್ದದ್ದು 294ಕ್ಕಾದರೂ ಬರಬೇಕು. 420ರಿಂದ 380 ಆದರೆ ಅದನ್ನು ಸುಧಾರಣೆ ಎನ್ನುವಂತಿಲ್ಲ, ದಿನನಿತ್ಯದ ಏರಿಳಿತವೇ ಅಷ್ಟಿರುತ್ತದೆ.

ಫೈಲಿನ ಮೊದಲ ಹಾಳೆಯಲ್ಲಿ ಆರು ಕಾಲಂ ಗೀಚಿ: ತಾರೀಕು, ಎಸಿಆರ್, ಇಜಿಎಫ್‌ಆರ್, ಪೊಟ್ಯಾಸಿಯಂ, ಮನೆಯ ಬಿಪಿ ಸರಾಸರಿ, ಎಲ್‌ಡಿಎಲ್. ವೈದ್ಯರಿಗೆ ನಿಮಗಾಗಿ ಸಿಗುವುದು ಐದು ನಿಮಿಷ. ಮೂವತ್ತು ರಿಪೋರ್ಟು ತಿರುವಿ ಹಾಕುವಷ್ಟರಲ್ಲಿ ಅದು ಮುಗಿದಿರುತ್ತದೆ, ಆ ಒಂದು ಹಾಳೆ ಓದಲು ಅರ್ಧ ನಿಮಿಷ ಸಾಕು.